ಬಲಕ ಕೊಡೋ ಯಪ್ಪಾ: ಅಪ್ಪಣೆ ಕೇಳುವ ಚರಿತ್ರೆ

ಮಗಳಿಗೆ ಜಮಖಂಡಿ ಕಡೆಯ ಗಂಡು ಗೊತ್ತಾಗಿದೆ. ಹುಡುಗನಿಗೆ ನಾಲ್ಕು ಎಕರೆ ಕಬ್ಬಿನ ಹೊಲವಿದೆ, ಮನೆತನವೂ ಒಳ್ಳೆಯದು. ಹಿರಿಯರು ಮಾತಾಡಿದ್ದಾರೆ, ಹೆಂಗಸರು ಒಪ್ಪಿದ್ದಾರೆ. ಆದರೂ ವೀಳ್ಯಶಾಸ್ತ್ರಕ್ಕೆ ಹೊರಡುವ ಮುನ್ನ ಮನೆಯ ಯಜಮಾನ ಊರ ಗುಡಿಗೆ ಹೋಗಿ ಪೂಜಾರಿಯ ಮುಂದೆ ಕೂರುತ್ತಾನೆ. ಪೂಜಾರಿ ದೇವರ ಮೂರ್ತಿಗೆ ನೀರೆರೆದು, ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳು ಹಚ್ಚುತ್ತಾನೆ. ‘ಆಗೂದಿದ್ರ ಬಲಕ ಕೊಡೋ ಯಪ್ಪಾ, ಆಗಂಗಿಲ್ಲಂದ್ರ ಎಡಕ ಕೊಡು’ ಎಂದು ಬೇಡಿಕೊಂಡು ಎಲ್ಲರೂ ಸುಮ್ಮನೆ ಕಾಯುತ್ತಾರೆ. ಎಸಳು ಬೀಳಲು ಕೆಲವೊಮ್ಮೆ ಕ್ಷಣ ಸಾಕು. ಕೆಲವೊಮ್ಮೆ ಒಂದು ತಾಸೂ ಆಗಬಹುದು.

ಮುಧೋಳ, ಬೀಳಗಿ, ಜಮಖಂಡಿ ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ರಬಕವಿ-ಬನಹಟ್ಟಿಯ ಸೀಮೆಯಲ್ಲಿ, ಅಷ್ಟೇ ಏಕೆ, ಕರ್ನಾಟಕದ ಬಹುಭಾಗದಲ್ಲಿ ಈ ಪದ್ಧತಿ ಹೊಸದೇನಲ್ಲ. ಊರಿಂದೂರಿಗೆ ಹೆಸರು ಬೇರೆ, ರೀತಿ ಬೇರೆ. ಎಲ್ಲೋ ಹೂ ಕೇಳುತ್ತಾರೆ, ಎಲ್ಲೋ ಪ್ರಸಾದ ಕೇಳುತ್ತಾರೆ, ಇನ್ನೆಲ್ಲೋ ಎರಡು ಚೀಟಿ ಬರೆದು ದೇವರ ಮುಂದಿಟ್ಟು ಸಣ್ಣ ಮಗುವಿನ ಕೈಯಿಂದ ಒಂದನ್ನು ಎತ್ತಿಸುತ್ತಾರೆ. ಬೋರ್ ಹೊಡೆಸುವುದು, ಹೊಲ ಮಾರುವುದು, ಮಗ್ಗ ಮಾರಿ ಪವರ್‌ಲೂಮ್ ಹಾಕಿಸುವುದು, ಜಾತ್ರೆಯ ದಿನ ಗೊತ್ತು ಮಾಡುವುದು, ಅಣ್ಣತಮ್ಮಂದಿರು ಬೇರೆಯಾಗುವುದು ಎಲ್ಲಕ್ಕೂ ಒಂದು ಮಾತು ಸಾಮಾನ್ಯ: ‘ದೇವರ ಅಪ್ಪಣೆ ಆಗಬೇಕು.’

ಈ ‘ಅಪ್ಪಣೆ’ ಎಂಬ ಮಾತನ್ನೇ ಸ್ವಲ್ಪ ಗಮನಿಸಬೇಕು. ‘ಮುಂದೇನಾಗುತ್ತದೆ ಹೇಳು’ ಎಂದು ಕೇಳುವುದು ಬೇರೆ, ‘ನಾನು ಇದನ್ನು ಮಾಡಲೇ’ ಎಂದು ಕೇಳುವುದು ಬೇರೆ. ಮೊದಲನೆಯದು ಭವಿಷ್ಯ, ಎರಡನೆಯದು ಪರವಾನಗಿ. ಗುಡಿಯಲ್ಲಿ ಕೂತ ರೈತ ಮಾಡುತ್ತಿರುವುದು ಎರಡನೆಯದನ್ನು. ಅವನ ಪಾಲಿಗೆ ದೇವರು ಜೋಯಿಸನಲ್ಲ, ಒಡೆಯ.

ಕೊಂಕಣ ಮತ್ತು ಮರಾಠಿ ನಾಡಿನಲ್ಲಿ ಇದೇ ಪದ್ಧತಿಗೆ ‘ಕೌಲು’ ಎನ್ನುತ್ತಾರೆ. ಮೂರ್ತಿಗೆ ಎಸಳು ಅಂಟಿಸಿ ‘ಕೌಲು ಹಚ್ಚುವುದು’ ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಕೌಲು ಅರಬ್ಬಿಯಿಂದ ಬಂದ ಶಬ್ದ. ಅರ್ಥ ‘ಮಾತು’, ‘ವಚನ’. ದಖನ್ನಿನ ಸುಲ್ತಾನರ ಕಾಲದಿಂದ ಅದು ಕಂದಾಯ ಕಚೇರಿಯ ಮಾತೂ ಹೌದು. ಬರ ಬಿದ್ದೋ ದಂಡು ಹಾದೋ ಊರು ಹಾಳಾದಾಗ ರೈತರನ್ನು ಮರಳಿ ಕರೆಯಲು ಸರ್ಕಾರ ಬರೆದುಕೊಡುತ್ತಿದ್ದ ಭರವಸೆಯ ಪತ್ರವೇ ಕೌಲು. ಇಷ್ಟು ವರ್ಷ ತೆರಿಗೆ ಕಡಿಮೆ, ಆಮೇಲೆ ಇಷ್ಟಿಷ್ಟೇ ಏರಿಕೆ, ಹೆದರದೆ ಬಂದು ಉಳಿರಿ ಎಂಬ ಒಪ್ಪಂದ. ರಾಜನ ಕೌಲು ಕೈಯಲ್ಲಿದ್ದರೆ ರೈತ ನೇಗಿಲು ಹೂಡುತ್ತಿದ್ದ. ದೇವರ ಕೌಲು ಸಿಕ್ಕರೆ ಮದುವೆಗೆ ಹಂದರ ಹಾಕುತ್ತಿದ್ದ. ಎರಡಕ್ಕೂ ಜನ ಒಂದೇ ಶಬ್ದ ಬಳಸಿದ್ದು ಆಕಸ್ಮಿಕವಾಗಿರಲಾರದು.

ನಮ್ಮ ಸೀಮೆಗೂ ಈ ಮರಾಠಿ ನಂಟು ದೂರದ್ದಲ್ಲ. ಮುಧೋಳವನ್ನು ಘೋರ್ಪಡೆಗಳು ಆಳಿದರು. 1811ರಲ್ಲಿ ಪ್ರತ್ಯೇಕ ಸಂಸ್ಥಾನವಾದ ಜಮಖಂಡಿಯನ್ನು ಪಟವರ್ಧನರು ಆಳಿದರು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ, ಅದರ ಮಗ್ಗುಲಲ್ಲೇ ಇರುವ ರಬಕವಿ ಸಾಂಗ್ಲಿಯ ಪಟವರ್ಧನರದು! ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಪಟವರ್ಧನರ ಆರಾಧ್ಯದೈವ ಗಣಪತಿ. ಮೂಲಪುರುಷ ಹರಿಭಟ್ಟ ಕೊಂಕಣದವನು, ದೊಡ್ಡ ಗಣೇಶಭಕ್ತ. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಇಲ್ಲಿನ ಕಚೇರಿಯ ಮಾತು ಹೆಚ್ಚಾಗಿ ಮರಾಠಿ, ಗುಡಿಯ ಮಾತು ಕನ್ನಡ. ಹೀಗಾಗಿ ಕೌಲು, ಹುಕುಂ, ಪರವಾನಗಿ, ಅಪ್ಪಣೆ ಎಲ್ಲವೂ ಇಲ್ಲಿ ಒಂದರ ಪಕ್ಕ ಒಂದು ಉಳಿದುಕೊಂಡವು.

ಆದರೆ ದೇವರನ್ನು ಕೇಳಿ ಹೆಜ್ಜೆ ಇಡುವುದು ಇದಕ್ಕಿಂತ ಎಷ್ಟೋ ಹಳೆಯದು. ಅದರ ಅತ್ಯಂತ ಸೊಗಸಾದ ಪ್ರಸಂಗ ಸಿಗುವುದು ಇದೇ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ, ಹರಿಹರ ಕವಿ ಬರೆದ ‘ಬಸವರಾಜದೇವರ ರಗಳೆ’ಯಲ್ಲಿ.

ಹುಟ್ಟೂರು ಬಾಗೇವಾಡಿಯನ್ನು ಬಿಟ್ಟು ಬಂದ ಬಸವಣ್ಣ ಕೃಷ್ಣಾ-ಮಲಪ್ರಭಾ ನದಿಗಳು ಕೂಡುವ ಕಪ್ಪಡಿ ಸಂಗಮದಲ್ಲಿ ಸಂಗಮನಾಥನ ಪೂಜೆಯಲ್ಲಿ ಮೈಮರೆತು ಇದ್ದಾನೆ. ಒಂದು ರಾತ್ರಿ ದೇವರು ಕನಸಿನಲ್ಲಿ ಬಂದು, ನೀನು ಬಿಜ್ಜಳನ ಮಂಗಳವಾಡಕ್ಕೆ ಹೋಗು ಎನ್ನುತ್ತಾನೆ. ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯೇ ಆ ಮಂಗಳವಾಡ. ಸಾಮಾನ್ಯ ಭಕ್ತಿಕಥೆಯಾಗಿದ್ದರೆ ಇಲ್ಲಿಗೆ ಭಕ್ತ ಕೈಮುಗಿದು ಹೊರಟುಬಿಡಬೇಕು. ಹರಿಹರನ ಬಸವಣ್ಣ ಹೊರಡುವುದಿಲ್ಲ. ಅಳುತ್ತಾನೆ, ಸಂಕಟಪಡುತ್ತಾನೆ, ನನ್ನನ್ನು ಕೈಬಿಡುತ್ತೀಯಾ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆಗ ದೇವರೇ ಒಂದು ಮೆಟ್ಟಿಲು ಇಳಿಯಬೇಕಾಗುತ್ತದೆ. ನಿನ್ನನ್ನು ಒಬ್ಬನನ್ನೇ ಕಳುಹಿಸುವುದಿಲ್ಲ, ನಾನೂ ಬರುತ್ತೇನೆ, ನಂದಿಯ ಬಾಯಿಂದ ನಿನ್ನ ಕೈಗೆ ಬರುತ್ತೇನೆ ಎಂದು ಮಾತು ಕೊಡುತ್ತಾನೆ. ಮರುದಿನ ಹಾಗೆಯೇ ಲಿಂಗ ಕೈಸೇರುತ್ತದೆ. ಬಸವಣ್ಣ ಮಂಗಳವಾಡದ ದಾರಿ ಹಿಡಿಯುತ್ತಾನೆ.

ಇದನ್ನು ಐತಿಹಾಸಿಕ ಘಟನೆ ಎಂದು ಒಪ್ಪಬೇಕಾಗಿಲ್ಲ. ಬಸವಣ್ಣನ ಕಾಲಕ್ಕೆ ತೀರ ದೂರವಲ್ಲದ ಕವಿಯೊಬ್ಬ ದೇವರ ಅಪ್ಪಣೆಯನ್ನು ಹೇಗೆ ಕಂಡ ಎಂಬುದಷ್ಟೇ ಇಲ್ಲಿ ಮುಖ್ಯ. ಅವನಿಗೆ ಅಪ್ಪಣೆಯೆಂದರೆ ಒಂದು ಕಡೆಯ ಆಜ್ಞೆಯಲ್ಲ, ಎರಡು ಕಡೆಯ ಮಾತುಕತೆ. ಹೋಗಬೇಕಾದವನು ಬಸವಣ್ಣ. ಆದ್ದರಿಂದ ‘ಒಲ್ಲೆ’ ಎನ್ನುವ ಹಕ್ಕೂ ಅವನದೇ. ಈ ಕೊನೆಯ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಇದೇ ಬಸವಣ್ಣ ತನ್ನ ವಚನವೊಂದರಲ್ಲಿ ಲಗ್ನ, ರಾಶಿ, ತಾರಾಬಲ, ಚಂದ್ರಬಲಗಳ ಲೆಕ್ಕಾಚಾರವನ್ನೆಲ್ಲ ಬದಿಗೆ ಸರಿಸಿಬಿಡುತ್ತಾನೆ. ಭಕ್ತನಾದವನಿಗೆ ಎಲ್ಲ ಹೊತ್ತೂ ಒಳ್ಳೆಯ ಹೊತ್ತೇ ಎಂಬುದು ಅವನ ನಿಲುವು. ಇದರಲ್ಲಿ ವಿರೋಧಾಭಾಸ ಕಾಣುವವರುಂಟು. ನಮಗೆ ಹಾಗೆ ಕಾಣುವುದಿಲ್ಲ. ದೇವರೊಡನೆ ನೇರ ಮಾತಾಡುವವನಿಗೆ ನಡುವೆ ಪಂಚಾಂಗದವನ ಹಂಗು ಯಾಕೆ?

ಪಂಚಾಂಗದವರ ಶಾಸ್ತ್ರ ಆ ಹೊತ್ತಿಗೆ ಕನ್ನಡದಲ್ಲಿ ಚೆನ್ನಾಗಿ ಬೇರೂರಿತ್ತು ಎಂಬುದೂ ನಿಜ. ಬಾದಾಮಿಯ ಆಚೆ ಇರುವ ನರಗುಂದದ ಶ್ರೀಧರಾಚಾರ್ಯ 1049ರಲ್ಲೇ ‘ಜಾತಕತಿಲಕ’ ಬರೆದ. ಕನ್ನಡದ ಮೊದಲ ಜ್ಯೋತಿಷಗ್ರಂಥ ಅದು. ಅದಕ್ಕೂ ಸ್ವಲ್ಪ ಮೊದಲು ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಶಕುನ, ನೆಲದಡಿಯ ನೀರು ಪತ್ತೆಹಚ್ಚುವ ಬಗೆಗಳನ್ನು ಸೇರಿಸಿದ್ದ. ಸುಮಾರು 1300ರ ರಟ್ಟಕವಿಯ ‘ರಟ್ಟಮತ’ ಬಹುಪಾಲು ಮಳೆಬೆಳೆಯ ಶಕುನಗಳ ಪುಸ್ತಕವೇ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬ ಓಡಾಡಿ ಬೋರಿಗೆ ಪಾಯಿಂಟ್ ತೋರಿಸುವ ಇಂದಿನವರು ಚಾವುಂಡರಾಯನ ದೂರದ ಮೊಮ್ಮಕ್ಕಳು ಎನ್ನಬಹುದೇನೋ. ಆದರೆ ಇವೆಲ್ಲ ಓದಿ ಕಲಿಯುವ, ಅನುಭವದಿಂದ ಬರುವ ವಿದ್ಯೆಗಳು. ಅಪ್ಪಣೆಗೆ ವಿದ್ಯೆ ಬೇಕಿಲ್ಲ. ಇಷ್ಟಕ್ಕೂ ಒಂದನ್ನು ನಂಬಿದವರು ಇನ್ನೊಂದನ್ನು ಬಿಡುವುದಿಲ್ಲ. ತೆಂಗಿನಕಾಯಿಯವನು ಪಾಯಿಂಟ್ ತೋರಿಸಿದ ಮೇಲೂ ಬೋರಿನ ಲಾರಿ ಕರೆಸುವ ಮುನ್ನ ಎಸಳು ಹಚ್ಚುವವರಿದ್ದಾರೆ.

ದೇವರ ತೀರ್ಪಿಗೆ ಕೋರ್ಟಿನ ಬಲವಿದ್ದ ಕಾಲವೂ ಒಂದಿತ್ತು. ಅದಕ್ಕೆ ‘ದಿವ್ಯ’ ಎನ್ನುತ್ತಿದ್ದರು. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ತನ್ನ ‘ಮಿತಾಕ್ಷರ’ದಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ ಮೊದಲಾದ ದಿವ್ಯಗಳ ನಿಯಮಗಳನ್ನು ವಿವರಿಸಿದ್ದಾನೆ. ಅದು ಬರೀ ಪುಸ್ತಕದ ಬದನೆಕಾಯಿ ಆಗಿರಲಿಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಗೋವೆಯ ಕದಂಬ ಮೂರನೆಯ ಜಯಕೇಶಿಯ ಕಾಲದ, 1188ರ ಶಾಸನವೊಂದಿದೆ. ಎರಡು ಗುಡಿಗಳ ಆಚಾರ್ಯರ ನಡುವೆ ಒಂದು ಹೊಲಕ್ಕಾಗಿ ವ್ಯಾಜ್ಯ. ಸಾಕ್ಷಿಯಿಂದ ಬಗೆಹರಿಯದಾಗ ‘ಫಾಳದಿವ್ಯ’ಕ್ಕೆ ಒಪ್ಪಿದರು. ಫಾಳವೆಂದರೆ ನೇಗಿಲಿನ ಗುಳ. ಕೆಂಪಗೆ ಕಾದ ಗುಳವನ್ನು ಕೈಯಲ್ಲಿ ಹಿಡಿಯಬೇಕು. ಕೈಯನ್ನು ಮರುದಿನ ಪರೀಕ್ಷಿಸಿ ಹೊಲ ಯಾರದೆಂದು ತೀರ್ಮಾನಿಸಿದರು. ಹೂವಿನ ಎಸಳಿಗೂ ಕಾದ ಕಬ್ಬಿಣಕ್ಕೂ ಬಹಳ ವ್ಯತ್ಯಾಸ ಉಂಟು, ನಿಜ. ಆದರೆ ಮೂಲದಲ್ಲಿರುವ ನಂಬಿಕೆ ಒಂದೇ: ಮನುಷ್ಯರಿಂದ ಮುಗಿಯದ ಮಾತನ್ನು ದೇವರು ಮುಗಿಸುತ್ತಾನೆ.

ಇದು ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. ಮೂರು ಸಾವಿರ ವರ್ಷಗಳ ಹಿಂದೆ ಚೀನಾದ ಶಾಂಗ್ ವಂಶದ ಅರಸರು ಎತ್ತಿನ ಹೆಗಲೆಲುಬು, ಆಮೆಯ ಚಿಪ್ಪುಗಳ ಮೇಲೆ ಪ್ರಶ್ನೆ ಕೊರೆಯಿಸಿ, ಕಾದ ಮೊನೆ ಒತ್ತಿ, ಬಿದ್ದ ಬಿರುಕನ್ನು ಓದಿಸುತ್ತಿದ್ದರು. ಮಳೆ ಬಂದೀತೆ, ದಂಡು ಹೊರಡಲೇ, ಅರಸನ ಹಲ್ಲುನೋವು ಯಾವ ಹಿರಿಯನ ಮುನಿಸಿನಿಂದ ಎಂಬಂಥ ಪ್ರಶ್ನೆಗಳು. ಎಷ್ಟೋ ಸಲ ಒಂದೇ ಪ್ರಶ್ನೆಯನ್ನು ‘ಆಗುತ್ತದೆ’ ಎಂದು ಒಂದು ಬದಿಗೆ, ‘ಆಗುವುದಿಲ್ಲ’ ಎಂದು ಇನ್ನೊಂದು ಬದಿಗೆ ಕೊರೆದಿದ್ದಾರೆ. ನಮ್ಮ ಎಡ-ಬಲದ ಲೆಕ್ಕವೇ! ಚೀನಿ ಲಿಪಿಯ ಅತ್ಯಂತ ಹಳೆಯ ಬರಹಗಳ ದೊಡ್ಡ ರಾಶಿ ಸಿಕ್ಕಿರುವುದು ಈ ಎಲುಬುಗಳ ಮೇಲೆಯೇ.

ಹಾಗಾದರೆ ಇದರಿಂದ ಜನರಿಗೆ ಸಿಕ್ಕಿದ್ದೇನು? ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಗುಡಿಯಲ್ಲಿ ನಡೆಯುವುದನ್ನು ಕಣ್ಣಿಟ್ಟು ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಅಪ್ಪಣೆ ಕೇಳುವವನು ಒಬ್ಬನೇ ಹೋಗುವುದು ಕಡಿಮೆ. ಅಣ್ಣತಮ್ಮಂದಿರು, ಬೀಗರು, ಓಣಿಯ ಇಬ್ಬರು ಹಿರಿಯರು ಜೊತೆಗಿರುತ್ತಾರೆ. ಮನೆಯೊಳಗೆ ಪಿಸುಮಾತಿನಲ್ಲಿದ್ದ ವಿಷಯವನ್ನು ದೇವರ ಮುಂದೆ ಗಟ್ಟಿಯಾಗಿ, ಹೌದು-ಇಲ್ಲ ಎಂಬ ಎರಡೇ ಉತ್ತರ ಬರುವಂತೆ ಹೇಳಬೇಕು. ಅಷ್ಟರಲ್ಲೇ ಅರ್ಧ ಗೊಂದಲ ತೀರುತ್ತದೆ. ಹೂ ಬಿದ್ದ ಮೇಲೆ ತೀರ್ಮಾನ ಯಾರೊಬ್ಬರದೂ ಅಲ್ಲ. ಬೋರ್ ಬತ್ತಿದರೆ ಅಣ್ಣ ತಮ್ಮನನ್ನು ಬೈಯುವಂತಿಲ್ಲ. ಬೇಡವೆನಿಸಿದ ಸಂಬಂಧವನ್ನು ಮರ್ಯಾದೆಗೆ ಕುಂದಿಲ್ಲದೆ ಬಿಡಲೂ ಬಹುದು: ‘ನಮಗೇನೂ ಇಲ್ರೀ, ದೇವರ ಎಡಕ ಕೊಟ್ಟ’ ಎಂದರೆ ಬೀಗರು ಸಿಟ್ಟಾಗುವುದು ಯಾರ ಮೇಲೆ? ಉತ್ತರ ಮನಸ್ಸಿಗೆ ಬಾರದಿದ್ದಾಗ ಇನ್ನೊಮ್ಮೆ ಕೇಳುವವರೂ ಇದ್ದಾರೆ, ಬೇರೆ ದೇವರ ಹತ್ತಿರ ಹೋಗುವವರೂ ಇದ್ದಾರೆ. ಬಸವಣ್ಣನೂ ಮೊದಲ ಮಾತಿಗೆ ಒಪ್ಪಿರಲಿಲ್ಲವಲ್ಲ!

ಒಂದು ಮನೆಯ ಪ್ರಶ್ನೆ ಹೀಗಾದರೆ ಇಡೀ ನಾಡಿನ ಪ್ರಶ್ನೆಗೆ ಬೇರೆಯೇ ಏರ್ಪಾಡು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ನಂತರ ನಡೆಯುವ ಕಾರಣಿಕ ಎಲ್ಲರಿಗೂ ಗೊತ್ತು. ಉಪವಾಸವಿದ್ದ ಗೊರವಯ್ಯ ಡೆಂಕಣಮರಡಿಯಲ್ಲಿ ಬಿಲ್ಲನ್ನೇರಿ ಒಂದು ಸಾಲು ನುಡಿದು ಹಿಂದಕ್ಕೆ ಬೀಳುತ್ತಾನೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ದಸರೆಯ ಹೊತ್ತಿಗೆ ಕಾರಣಿಕವುಂಟು. ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯ ವಿಠ್ಠಲ-ಬೀರದೇವರ ಜಾತ್ರೆಯಲ್ಲಿ ಇದೇ ಬಗೆಯ ‘ಭಾಕಣೂಕ’ ಆಗುತ್ತದೆ. ನಮ್ಮ ಸೀಮೆಯವರಿಗೆ ಹತ್ತಿರದ್ದು ಕೃಷ್ಣೆಯ ದಂಡೆಯಲ್ಲಿರುವ, ವಿಜಯಪುರ ಜಿಲ್ಲೆಯ ಬಬಲಾದಿ ಸದಾಶಿವ ಮಠದ ಕಾಲಜ್ಞಾನ. ಶಿವರಾತ್ರಿಯ ಹೊತ್ತಿನ ಜಾತ್ರೆಯಲ್ಲಿ ಮಳೆ, ಬೆಳೆ, ರಾಜಕೀಯದ ಬಗ್ಗೆ ಮಠದ ಹೇಳಿಕೆ ಏನು ಬಂತೆಂದು ಚಹಾದಂಗಡಿಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ.

ಇಲ್ಲಿ ಎಡ-ಬಲ ಇಲ್ಲ. ಬರುವುದು ಒಗಟಿನಂಥ ಮಾತು. ಅದನ್ನು ಬಿಡಿಸುವವರು ಕೇಳಿದವರೇ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ವ್ಯಾಪಾರಿ ಬೆಲೆ ಕಾಣುತ್ತಾನೆ, ಆಳುವ ಪಕ್ಷದವರಿಗೂ ವಿರೋಧ ಪಕ್ಷದವರಿಗೂ ತಂತಮ್ಮ ಗೆಲುವೇ ಕಾಣುತ್ತದೆ. ಗ್ರೀಸಿನಲ್ಲಿಯೂ ಹೀಗೇ ಆಯಿತು. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯದ ದಂಡು ಏರಿ ಬಂದಾಗ ಅಥೆನ್ಸಿನವರು ಡೆಲ್ಫಿಯ ದೇವವಾಣಿ ಕೇಳಿದರು. ಮರದ ಗೋಡೆ ನಿಮ್ಮನ್ನು ಕಾಯುತ್ತದೆ ಎಂಬ ಅರ್ಥದ ಉತ್ತರ ಬಂತೆಂದು ಹೆರೊಡೋಟಸ್ ಬರೆಯುತ್ತಾನೆ. ಕೆಲವರು ಕೋಟೆಗೆ ಮರದ ಬೇಲಿ ಹಾಕಿಕೊಂಡು ಕೂತರು. ಮರದ ಗೋಡೆ ಎಂದರೆ ಹಡಗು ಎಂದು ವಾದಿಸಿದ ಥೆಮಿಸ್ಟೊಕ್ಲಿಸ್ ಜನರನ್ನು ಹಡಗು ಹತ್ತಿಸಿ ಸಲಾಮಿಸ್‌ನಲ್ಲಿ ಯುದ್ಧ ಗೆದ್ದ. ಮಾತು ದೇವರದಾದರೂ ಬುದ್ಧಿ ಓಡಿಸಬೇಕಾದವನು ಮನುಷ್ಯನೇ.

ಇನ್ನು, ‘ಇಲ್ಲ’ ಎನ್ನಲು ಯಾರಿಗೂ ಬರದಂಥ ಪ್ರಸಂಗಗಳೂ ಉಂಟು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಿದಾಗ ಬೀಳಗಿ, ಬಾಗಲಕೋಟೆ, ಜಮಖಂಡಿ ಭಾಗದ ನದಿದಂಡೆಯ ಊರುಗಳು ಎದ್ದು ಹೊಸ ಜಾಗಕ್ಕೆ ಹೋಗಬೇಕಾಯಿತು. ಈಗ 519.6 ಮೀಟರ್ ಇರುವ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿದೆ. ಅದು ಜಾರಿಯಾದರೆ ಇನ್ನಷ್ಟು ಊರು, ಹೊಲ ಮುಳುಗುತ್ತವೆ. ಸ್ಥಾಪಿತ ಮೂರ್ತಿಯನ್ನು ಸುಮ್ಮನೆ ಎತ್ತಿ ಟ್ರಾಕ್ಟರಿನಲ್ಲಿ ಇಡುವಂತಿಲ್ಲ. ದೇವರ ಅನುಜ್ಞೆ ಬೇಡಿ, ‘ಕಲಾಕರ್ಷಣೆ’ ಮಾಡಿ, ಮೂರ್ತಿಯ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿ ಆಮೇಲೆ ಕದಲಿಸಬೇಕೆಂದು ಆಗಮಗಳು ಹೇಳುತ್ತವೆ. ಆದರೆ ಇಲ್ಲಿ ದೇವರು ಎಡಕ್ಕೆ ಕೊಟ್ಟಿದ್ದರೂ ನೀರು ನಿಲ್ಲುತ್ತಿರಲಿಲ್ಲ. ಸರ್ಕಾರದ ಅಪ್ಪಣೆ ಮೊದಲೇ ಆಗಿಹೋಗಿತ್ತು.

ಅಪ್ಪಣೆಯ ಚರಿತ್ರೆಯ ಕರಾಳ ಪುಟವೂ ಇದೇ ಸೀಮೆಯಲ್ಲಿದೆ. ಅದನ್ನು ಬಿಟ್ಟು ಎಸಳಿನ ಸೊಗಸನ್ನಷ್ಟೇ ಬರೆದರೆ ತಪ್ಪಾಗುತ್ತದೆ. ಮುಧೋಳ, ಜಮಖಂಡಿ, ಪಕ್ಕದ ಅಥಣಿ, ರಾಯಬಾಗ ತಾಲ್ಲೂಕುಗಳು ದೇವದಾಸಿ ಪದ್ಧತಿ ಆಳವಾಗಿ ಬೇರುಬಿಟ್ಟಿದ್ದ ಪ್ರದೇಶ. ಹೆಣ್ಣುಮಗುವಿನ ತಲೆಯಲ್ಲಿ ಜಡೆ ಬಂತೆಂದರೆ, ಅಂದರೆ ಕೂದಲು ಗಂಟಾಗಿ ಬಿಡಿಸಲಾಗದಂತಾದರೆ, ಸವದತ್ತಿಯ ಯಲ್ಲಮ್ಮ ಈ ಮಗುವನ್ನು ಕೇಳುತ್ತಿದ್ದಾಳೆ ಎಂದು ಅರ್ಥ ಮಾಡುತ್ತಿದ್ದರು. ಮನೆಯಲ್ಲಿ ವಾಸಿಯಾಗದ ಕಾಯಿಲೆ ಬಂದರೂ, ಗಂಡುಮಗು ಹುಟ್ಟದಿದ್ದರೂ ಅದೇ ಅರ್ಥ. ಬಹುತೇಕ ದಲಿತ ಕುಟುಂಬಗಳ, ಇನ್ನೂ ಲೋಕವೇ ತಿಳಿಯದ ಹುಡುಗಿಯರಿಗೆ ಹೀಗೆ ಮುತ್ತು ಕಟ್ಟಿದರು. ಅಲ್ಲಿಂದ ಮುಂದೆ ಅವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ.

ಇದನ್ನೂ ದೇವಿಯ ಅಪ್ಪಣೆ ಎಂದೇ ಕರೆದರು. ಆದರೆ ಇಲ್ಲಿ ಕೇಳಿದವರು ಒಬ್ಬರು, ಅನುಭವಿಸಿದವಳು ಇನ್ನೊಬ್ಬಳು. ಕಪ್ಪಡಿ ಸಂಗಮದಲ್ಲಿ ಬಸವಣ್ಣನಿಗೆ ಇದ್ದ ‘ಒಲ್ಲೆ’ ಎನ್ನುವ ಮಾತು ಆ ಹುಡುಗಿಗೆ ಇರಲಿಲ್ಲ. ಜಡೆಯ ಅರ್ಥ ಹೇಳುತ್ತಿದ್ದವರಲ್ಲಿ ಅದರಿಂದ ಲಾಭವಿದ್ದವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಕಾನೂನು ಬಹಳ ತಡವಾಗಿ, ಅಂಕುಡೊಂಕಾಗಿ ಬಂತು. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ದೇವದಾಸಿಯರ ರಕ್ಷಣೆಯ ಕಾಯ್ದೆಯಾಯಿತು. ಬ್ರಿಟಿಷರ ಆಡಳಿತದಲ್ಲಿದ್ದ ಬೀಳಗಿ ಅದರ ವ್ಯಾಪ್ತಿಗೆ ಬಂದರೂ, ಕೂಗಳತೆಯ ಮುಧೋಳ, ಜಮಖಂಡಿ ಸಂಸ್ಥಾನಗಳಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಕರ್ನಾಟಕದ ಸ್ವಂತ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಅದಾದ ಮೇಲೆ ಸರ್ಕಾರವೇ 1993-94 ಮತ್ತು 2007-08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46,660. ಉತ್ತರ ಕರ್ನಾಟಕದ ಜಿಲ್ಲೆಗಳೇ ಇದರ ನೆಲೆ.

ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಹೆಂಗಸರೇ. 1997ರಲ್ಲಿ ಘಟಪ್ರಭಾದಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರದೇ ಸಂಘಟನೆ. ಮುತ್ತು ಕಟ್ಟುವ ಸುದ್ದಿ ಬಂದ ಊರಿಗೆ ಹೋಗುವುದು, ತಂದೆತಾಯಿಗೆ ತಿಳಿಹೇಳುವುದು, ಕೇಳದಿದ್ದರೆ ಪೊಲೀಸರನ್ನು ಕರೆಯುವುದು ಇಂಥ ಕೆಲಸಗಳಿಂದ ಅವರು ಹೆಸರಾದರು. ಜಡೆಯೆಂದರೆ ತಲೆ ಬಾಚದೆ, ತೊಳೆಯದೆ ಕೂದಲು ಜಿಗುಟಾಗಿ ಅಂಟಿಕೊಳ್ಳುವುದೇ ಹೊರತು ಬೇರೇನಲ್ಲ ಎಂದು ಕಾರ್ಯಕರ್ತೆಯರು ತಿಳಿಹೇಳಿದರು. ಅನೇಕ ಕಡೆ ಕತ್ತರಿ ಹಿಡಿದು ಜಡೆ ಕತ್ತರಿಸಿದ್ದೂ ಉಂಟು. ಜಡೆ ಕತ್ತರಿಸಿದರೆ ರಕ್ತ ಬರುತ್ತದೆ, ದೇವಿ ಮುನಿಯುತ್ತಾಳೆ ಎಂದು ಹೆದರಿಸುತ್ತಿದ್ದ ಜನ ಸುತ್ತ ನಿಂತು ನೋಡುತ್ತಿದ್ದರು. ಕೂದಲು ನೆಲಕ್ಕೆ ಬೀಳುತ್ತಿತ್ತು. ರಕ್ತ ಬರುತ್ತಿರಲಿಲ್ಲ.